ಬಿರುಕು ಮುಚ್ಚುವ ಮೊದಲು ನೀರಿನ ದಾರಿ ನೋಡಿ

ಗದಗ ಜಿಲ್ಲೆಯ ಓದುಗರೊಬ್ಬರ ಪತ್ರ: ‘ನಮ್ಮೂರಿನ ಹಳೆಯ ಕಲ್ಲಿನ ಸರ್ಕಾರಿ ಕಚೇರಿಯ ಕಮಾನು ಬಿರುಕು ಬಿಟ್ಟಿದೆ. ಎರಡು ವರ್ಷದ ಹಿಂದೆ ಮಾಡಿಸಿದ ಸಿಮೆಂಟ್ ಗಿಲಾವು ಆಗಲೇ ಉದುರುತ್ತಿದೆ. ಎರೆನೆಲದಲ್ಲಿ ಇದು ನಿಲ್ಲುವುದಿಲ್ಲ, ಕೆಡವುವುದೇ ವಾಸಿ ಎನ್ನುತ್ತಾರೆ. ಏನು ಮಾಡೋಣ?’

ಸಂಪಾದಕರ ಉತ್ತರ:

ಕೆಡವಲು ಬಿಡಬೇಡಿ. ನೀವು ಕಳಿಸಿದ ಫೋಟೊಗಳನ್ನು ಬಹಳ ಹೊತ್ತು ನೋಡಿದೆ. ಬಿರುಕಿಗಿಂತ ನನ್ನನ್ನು ಕಾಡಿದ್ದು ಗಿಲಾವು ಕಳಚಿದ ಜಾಗ. ಅಲ್ಲಿ ಕಲ್ಲಿನ ಮೈ ಪುಡಿಯಾಗಿದೆ, ಮೇಲೆ ಬಿಳಿ ಸವಳು ಕಟ್ಟಿದೆ. ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆ ಮಳೆಗಾಲದಲ್ಲಿ ಕುಡಿದ ನೀರನ್ನು ಸಂದುಗಳ ಮೂಲಕ ಹೊರಬಿಟ್ಟು ಒಣಗುತ್ತದೆ. ಸಿಮೆಂಟ್ ಮೆತ್ತಿದರೆ ಆ ದಾರಿ ಮುಚ್ಚುತ್ತದೆ. ತೇವ ಕಲ್ಲಿನೊಳಗಿಂದಲೇ ಹೊರಡುತ್ತದೆ, ಅದರಲ್ಲಿ ಕರಗಿದ ಲವಣ ಹರಳುಗಟ್ಟಿ ಕಲ್ಲನ್ನು ಪದರ ಪದರವಾಗಿ ಎಬ್ಬಿಸುತ್ತದೆ. ನಾನು ಓದಿದ ಶಾಲೆಯ ಗೋಡೆ ಹೀಗೆಯೇ ಹಾಳಾಯಿತು. ಆ ಸಂಕಟ ನನಗೆ ಇನ್ನೂ ಇದೆ.

ಇನ್ನು ಬಿರುಕು. ಅದು ಬೆಳೆಯುತ್ತಿದೆಯೋ, ಎಂದೋ ಬಿಟ್ಟು ನಿಂತಿದೆಯೋ ಮೊದಲು ತಿಳಿಯಬೇಕು. ತೆಳುವಾದ ಗಾಜಿನ ಪಟ್ಟಿಯನ್ನು ಬಿರುಕಿಗೆ ಅಡ್ಡಲಾಗಿಟ್ಟು ಎರಡೂ ತುದಿಯನ್ನು ಗಟ್ಟಿಯಾಗಿ ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆಯುವುದು ಹಳೆಯ ಪದ್ಧತಿ. ಗೋಡೆ ಸರಿದರೆ ಗಾಜು ಒಡೆಯುತ್ತದೆ. ಒಂದು ಮಳೆಗಾಲ, ಒಂದು ಬೇಸಿಗೆ ಎರಡನ್ನೂ ಕಾಯಿರಿ. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಬಿಸಿಲಿಗೆ ಬಾಯಿ ಬಿಡುತ್ತದೆ. ಬುನಾದಿಯ ಒಂದು ಮಗ್ಗುಲು ಮಾತ್ರ ನೆನೆದರೆ ಗೋಡೆ ಒಂದೇ ಸಮನೆ ಏರಿಳಿಯುವುದಿಲ್ಲ. ಫೋಟೊದ ಎಡತುದಿಯಲ್ಲಿ ಚಾವಣಿಯ ಕೊಳವೆ ಅರ್ಧಕ್ಕೆ ಮುರಿದಿರುವುದನ್ನು ಗಮನಿಸಿದಿರಾ? ನೀರೆಲ್ಲ ಗೋಡೆಯ ಬುಡಕ್ಕೇ ಬೀಳುತ್ತಿದೆ. ಅದರ ಮೇಲೆಯೇ ಅರಳಿ ಸಸಿ. ಅದನ್ನು ಎಳೆದು ಕೀಳಬೇಡಿ, ಬೇರಿನೊಂದಿಗೆ ಕಲ್ಲೂ ಬರುತ್ತದೆ. ಕತ್ತರಿಸಿ, ಬೇರು ಸತ್ತ ಮೇಲೆ ಬಿಡಿಸಬೇಕು. ಈ ನಡುವೆ ಕಮಾನಿನ ಕಲ್ಲು ಜಾರಿದಂತೆ ಕಂಡರೆ ಮಾತ್ರ ಕಾಯದೆ, ಕೆಳಗೆ ಓಡಾಟ ನಿಲ್ಲಿಸಿ ಮರದ ಆಸರೆ ಕೊಡಿಸಿ.

ಹಳೆಯದಾಯಿತು ಎಂಬುದು ಕೆಡವಲು ಕಾರಣವಲ್ಲ. ಧಾರವಾಡದಲ್ಲಿ 1917ರಲ್ಲಿ ಆರಂಭವಾದ ಕರ್ನಾಟಕ ಕಾಲೇಜಿನದು ಹಿಂದೆ ಸದರ್ನ್ ಮರಾಠಾ ರೈಲ್ವೆಯ ಪ್ರಧಾನ ಕಚೇರಿಯಾಗಿದ್ದ ಕಟ್ಟಡ. ರೈಲ್ವೆ ಕಂಪನಿ ಹೋಯಿತು, ಕಲ್ಲು ನಿಂತಿದೆ, ಮಕ್ಕಳು ಓದುತ್ತಿದ್ದಾರೆ.

ಅರ್ಜಿಯಲ್ಲಿ ‘ದುರಸ್ತಿ ಮಾಡಿಸಿ’ ಎಂದಷ್ಟೇ ಬರೆದರೆ ಮತ್ತೆ ಸಿಮೆಂಟೇ ಬರುತ್ತದೆ. ಸಿಮೆಂಟ್ ಗಿಲಾವನ್ನು ಕಲ್ಲಿಗೆ ಪೆಟ್ಟಾಗದಂತೆ ತೆಗೆಯಬೇಕು, ಸಂದುಗಳಿಗೆ ಅರಳಿಸಿ ನೆನೆಯಿಟ್ಟ ಸುಣ್ಣದ ಗಾರೆಯನ್ನೇ ತುಂಬಬೇಕು, ಹಳೆಯ ಕಲ್ಲುಕಟ್ಟಡ ಬಲ್ಲ ಎಂಜಿನಿಯರ್ ನೋಡಬೇಕು ಎಂದು ಬಿಡಿಸಿ ಬರೆಯಿರಿ. ಸುಣ್ಣ ಅರೆಯಬಲ್ಲ ಹಿರಿಯ ಗೌಂಡಿ ನಿಮ್ಮ ಕಡೆ ಇದ್ದರೆ ಅವರನ್ನೂ ಕರೆದುಕೊಂಡು ಹೋಗಿ. ಆ ಕೊಳವೆಯನ್ನಂತೂ ಈ ಮುಂಗಾರಿಗೆ ಮೊದಲೇ ಸರಿ ಮಾಡಿಸಿ.