ಹೊದಿಕೆಯ ಮೇಲಿನ ಅಂಕಿಯನ್ನು ಎಷ್ಟು ನಂಬಬೇಕು?

ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ತಮ್ಮ ಇಂಗ್ಲೆಂಡಿನಲ್ಲಿ ಓದುತ್ತಿದ್ದಾನೆ. ಸಿಗರೇಟು ಬಿಡುವುದಕ್ಕೆಂದು ಅಲ್ಲಿ ವೇಪ್, ಅಂದರೆ ಇ-ಸಿಗರೇಟು, ಹಿಡಿದಿದ್ದಾನೆ. ಅದಕ್ಕೆ ಟಾರ್ಚಿನ ಸೆಲ್ಲಿನಂಥ ಎರಡು ಬ್ಯಾಟರಿಗಳನ್ನು ಹಾಕಬೇಕಂತೆ. 9900 ಎಂಎಎಚ್ ಎಂದು ಬರೆದಿರುವ ಸೆಲ್‌ಗಳು ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕವೆಂದು ವಿಡಿಯೋ ಕರೆಯಲ್ಲಿ ತೋರಿಸಿದ. ಒಂದರ ಹೊದಿಕೆ ತುದಿಯಲ್ಲಿ ಹರಿದಿತ್ತು. ಎಂಥ ಬ್ಯಾಟರಿ ಕೊಳ್ಳಬೇಕು, ಹೇಗೆ ಚಾರ್ಜ್ ಮಾಡಬೇಕು ಎಂದು ಅವನಿಗೆ ತಿಳಿಸುವಿರಾ? ರಜೆಗೆ ಊರಿಗೆ ಬರುವಾಗ ಅದನ್ನು ಜೊತೆಗೆ ತರಬಹುದೇ?
– ಓದುಗರು, ಟಿಳಕವಾಡಿ, ಬೆಳಗಾವಿ

ಉತ್ತರ: ಕೊನೆಯ ಪ್ರಶ್ನೆಯನ್ನು ಮೊದಲು ಮುಗಿಸಿಬಿಡೋಣ, ಏಕೆಂದರೆ ಅದರಲ್ಲಿ ಚರ್ಚೆಗೆ ಎಡೆಯಿಲ್ಲ. ತರಕೂಡದು. 2019ರ ಇ-ಸಿಗರೇಟು ನಿಷೇಧ ಕಾಯ್ದೆಯ ಪ್ರಕಾರ ನಮ್ಮ ದೇಶದಲ್ಲಿ ಇವುಗಳ ತಯಾರಿಕೆ, ಆಮದು, ರಫ್ತು, ಸಾಗಣೆ, ಮಾರಾಟ, ಹಂಚಿಕೆ, ದಾಸ್ತಾನು, ಜಾಹೀರಾತು ಎಲ್ಲವೂ ನಿಷಿದ್ಧ. ಆಮದು ಅಥವಾ ಮಾರಾಟದಂಥ ಅಪರಾಧಕ್ಕೆ ಮೊದಲ ಸಲವೇ ಒಂದು ವರ್ಷದವರೆಗೆ ಸೆರೆವಾಸ, 1 ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶವಿದೆ. ತಮ್ಮ ಅದನ್ನು ಅಲ್ಲಿಯೇ ಬಿಟ್ಟು ಬರಲಿ. ನಿಕೋಟಿನ್ ಚಟವನ್ನೂ ಅಲ್ಲಿಯೇ ಬಿಟ್ಟು ಬಂದರೆ ಇನ್ನೂ ಒಳ್ಳೆಯದು, ಆದರೆ ನೀವು ಕೇಳಿರುವುದು ಬ್ಯಾಟರಿಯ ಬಗ್ಗೆ.

ಇಂಗ್ಲೆಂಡಿನಲ್ಲಿ ವಯಸ್ಕರು ವೇಪ್ ಬಳಸುವುದಕ್ಕೆ ಅಡ್ಡಿಯಿಲ್ಲ. 2025ರ ಜೂನ್ 1ರಿಂದ ಅಲ್ಲಿ ಒಮ್ಮೆ ಬಳಸಿ ಎಸೆಯುವ ವೇಪ್‌ಗಳ ಮಾರಾಟ ನಿಂತಿದ್ದು, ಮರುಚಾರ್ಜ್ ಮಾಡುವ ಸಾಧನಗಳಷ್ಟೇ ಉಳಿದಿವೆ. ನಿಮ್ಮ ತಮ್ಮನ ಬಳಿ ಇರುವುದು ಬಹುಶಃ 18650 ಎಂಬ ಲಿಥಿಯಂ-ಅಯಾನ್ ಸೆಲ್. ಆ ಸಂಖ್ಯೆ ಅದರ ಅಳತೆಯನ್ನೇ ಹೇಳುತ್ತದೆ: ವ್ಯಾಸ 18 ಮಿಲಿಮೀಟರ್, ಉದ್ದ 65 ಮಿಲಿಮೀಟರ್, ಕೊನೆಯ ಸೊನ್ನೆ ದುಂಡಗಿನ ಆಕಾರಕ್ಕೆ. ಈ ಗಾತ್ರದ ಡಬ್ಬಿಯಲ್ಲಿ ಹೆಸರಾಂತ ಕಂಪನಿಗಳು ತುಂಬುವ ಸಾಮರ್ಥ್ಯ ಸಾಮಾನ್ಯವಾಗಿ 2000ದಿಂದ 3600 ಎಂಎಎಚ್‌ವರೆಗೆ ಮಾತ್ರ. ಆದ್ದರಿಂದ 9900 ಎಂಬುದು ಶುದ್ಧ ಸುಳ್ಳು, ಮತ್ತು ಆ ಒಂದು ಅಂಕಿಯಲ್ಲಿ ಸುಳ್ಳು ಹೇಳಿದವನು ಉಳಿದ ಅಂಕಿಗಳಲ್ಲಿ ನಿಜ ಹೇಳಿರುತ್ತಾನೆಂದು ನಂಬಲು ಯಾವ ಕಾರಣವೂ ಇಲ್ಲ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ನೋಡಲು ಹೇಳಿ. ಸರಿಯಾದ ಸೆಲ್ ಸುಮಾರು 45 ಗ್ರಾಂ ಇರುತ್ತದೆ; ಅದಕ್ಕಿಂತ ತೀರಾ ಹಗುರವಾಗಿದ್ದರೆ ಒಳಗೆ ಇರಬೇಕಾದಷ್ಟು ಸರಕಿಲ್ಲವೆಂದೇ ಅರ್ಥ. ತೂಕ ಸರಿಯಿದ್ದ ಮಾತ್ರಕ್ಕೆ ಸೆಲ್ ಅಸಲಿ ಎಂದಾಗುವುದಿಲ್ಲ, ಹಳೆಯ ಸೆಲ್‌ಗೆ ಹೊಸ ಹೊದಿಕೆ ತೊಡಿಸಿ ಮಾರುವವರೂ ಇದ್ದಾರೆ.

ಆದರೆ ವೇಪ್ ಸಾಧನಕ್ಕೆ ಬ್ಯಾಟರಿ ಆರಿಸುವಾಗ ಮೊದಲು ನೋಡಬೇಕಾದದ್ದು ಎಂಎಎಚ್ ಅಲ್ಲವೇ ಅಲ್ಲ. ಬೋರ್‌ವೆಲ್‌ನಲ್ಲಿ ನೀರೆಷ್ಟಿದೆ ಎಂಬುದು ಒಂದು ಲೆಕ್ಕ, ಗಂಟೆಗೆ ಎಷ್ಟು ಎತ್ತಿದರೆ ಅದು ತಾಳಿಕೊಳ್ಳುತ್ತದೆ ಎಂಬುದು ಇನ್ನೊಂದು ಲೆಕ್ಕ. ಎಂಎಎಚ್ ಹೇಳುವುದು ಮೊದಲನೆಯದನ್ನು. ಎರಡನೆಯದನ್ನು ಹೇಳುವುದು ಆಂಪಿಯರ್, ಅಂದರೆ ಸೆಲ್ ಅತಿಯಾಗಿ ಕಾಯದೆ ಎಡೆಬಿಡದೆ ಕೊಡಬಲ್ಲ ಗರಿಷ್ಠ ವಿದ್ಯುತ್ ಪ್ರವಾಹ. ದ್ರವವನ್ನು ಆವಿಯಾಗಿಸುವ ತಂತಿಸುರುಳಿಯನ್ನು, ಅಂದರೆ ಕಾಯಿಲ್ಅನ್ನು, ಕ್ಷಣಾರ್ಧದಲ್ಲಿ ಕಾಯಿಸಬೇಕಾದ ಸಾಧನಕ್ಕೆ ಈ ಎರಡನೆಯ ಲೆಕ್ಕವೇ ಮುಖ್ಯ. ಇಲ್ಲೊಂದು ತೊಡಕಿದೆ: ಒಂದೇ ಗಾತ್ರದ ಡಬ್ಬಿಯಲ್ಲಿ ಸಾಮರ್ಥ್ಯ ಹೆಚ್ಚಿಸಿದರೆ ಪ್ರವಾಹ ಕೊಡುವ ಶಕ್ತಿ ಸಾಮಾನ್ಯವಾಗಿ ತಗ್ಗುತ್ತದೆ. 3500 ಎಂಎಎಚ್ ಸೆಲ್‌ಗಳ ಮಿತಿ ಬಹುಪಾಲು 8ರಿಂದ 10 ಆಂಪಿಯರ್ ಇದ್ದರೆ, 2500 ಎಂಎಎಚ್‌ನ ಸ್ಯಾಮ್‌ಸಂಗ್ 25ಆರ್ ಸೆಲ್‌ನ ಮಿತಿ 20 ಆಂಪಿಯರ್. ದೊಡ್ಡ ಅಂಕಿಗೆ ಮರುಳಾಗಿ ಕೊಂಡವರು ಈ ಕೆಲಸಕ್ಕೆ ದುರ್ಬಲವಾದ ಸೆಲ್ಅನ್ನೇ ಆರಿಸಿಕೊಂಡಿರುತ್ತಾರೆ.

ಲೆಕ್ಕ ಕಷ್ಟದ್ದಲ್ಲ. ನಿಮ್ಮ ತಮ್ಮನ ಸಾಧನದಲ್ಲಿ ಎರಡು ಸೆಲ್‌ಗಳು ಸರಣಿಯಲ್ಲಿವೆ, ಆತ 80 ವ್ಯಾಟ್‌ನಲ್ಲಿ ಬಳಸುತ್ತಾನೆ ಎಂದುಕೊಳ್ಳೋಣ. ಒಂದೊಂದು ಸೆಲ್‌ನ ಪಾಲಿಗೆ 40 ವ್ಯಾಟ್ ಬರುತ್ತದೆ. ಚಾರ್ಜ್ ಇಳಿದು ಸೆಲ್‌ನ ವೋಲ್ಟೇಜ್ 3.2ಕ್ಕೆ ಬಂದಾಗ ಅಷ್ಟೇ ವ್ಯಾಟ್ ಕೊಡಲು 40 ಭಾಗಿಸು 3.2, ಅಂದರೆ 12.5 ಆಂಪಿಯರ್ ಬೇಕು. ಸಾಧನದೊಳಗಿನ ಸರ್ಕಿಟ್‌ನಲ್ಲಿ ಆಗುವ ನಷ್ಟವನ್ನು ಸೇರಿಸಿದರೆ ಸುಮಾರು 14. ಹಾಗಾಗಿ 10 ಆಂಪಿಯರ್ ಸೆಲ್ ಸಾಲದು, 20 ಆಂಪಿಯರ್‌ನದು ನೆಮ್ಮದಿಯಿಂದ ತಾಳುತ್ತದೆ. ಯಾವ ಸರ್ಕಿಟ್ಟೂ ಇಲ್ಲದ, ಬ್ಯಾಟರಿಯನ್ನು ನೇರವಾಗಿ ಕಾಯಿಲ್‌ಗೆ ಜೋಡಿಸುವ ‘ಮೆಕ್ಯಾನಿಕಲ್’ ಸಾಧನವಾದರೆ ಪೂರ್ತಿ ಚಾರ್ಜಾದ ಸೆಲ್‌ನ 4.2 ವೋಲ್ಟನ್ನು ಕಾಯಿಲ್‌ನ ಓಮ್‌ನಿಂದ, ಅಂದರೆ ಅದರ ವಿದ್ಯುತ್ ರೋಧದಿಂದ, ಭಾಗಿಸಬೇಕು. 0.2 ಓಮ್ ಇದ್ದರೆ 21 ಆಂಪಿಯರ್, ಅಂದರೆ 20 ಆಂಪಿಯರ್ ಸೆಲ್‌ನ ಮಿತಿಯೂ ಮೀರಿತು. ಅಲ್ಲಿ ತಪ್ಪು ನಡೆದರೆ ತಡೆಯುವ ವ್ಯವಸ್ಥೆ ಏನೂ ಇರುವುದಿಲ್ಲವಾದ್ದರಿಂದ ಅಂಥದ್ದನ್ನು ಮುಟ್ಟುವುದೇ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ.

ಹರಿದ ಹೊದಿಕೆಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಸೆಲ್‌ನ ಕೆಳಗಿನ ತುದಿ ಮಾತ್ರ ಮೈನಸ್ ಎಂದು ಹಲವರು ಭಾವಿಸುತ್ತಾರೆ. ನಿಜವಾಗಿ ಇಡೀ ಲೋಹದ ಡಬ್ಬಿಯೇ ಮೈನಸ್. ಮೇಲಿನ ಪ್ಲಸ್ ಗುಬುಟಿಗೂ ಡಬ್ಬಿಯ ಅಂಚಿಗೂ ಒಂದೆರಡು ಮಿಲಿಮೀಟರ್ ಅಂತರವಷ್ಟೇ ಇದ್ದು, ಅವೆರಡನ್ನೂ ಬೇರ್ಪಡಿಸಿರುವುದು ಆ ತೆಳು ಪ್ಲಾಸ್ಟಿಕ್ ಹೊದಿಕೆ ಮತ್ತು ಅದರಡಿಯ ಒಂದು ಕಾಗದದ ಬಿಲ್ಲೆ. ಅಲ್ಲಿ ಹರಿದಿದ್ದರೆ ಸಾಧನದೊಳಗೇ ಶಾರ್ಟ್ ಸರ್ಕಿಟ್ ಆಗಬಹುದು. ಒಳ್ಳೆಯ ಸೆಲ್ ಆಗಿದ್ದರೆ ಹೊಸ ಹೊದಿಕೆ ತೊಡಿಸಿ ಬಳಸಿ ಎನ್ನುತ್ತಿದ್ದೆ. 9900 ಎಂದು ಬರೆದಿರುವುದಕ್ಕೆ ಆ ಶ್ರಮ ವ್ಯರ್ಥ. ಎರಡನ್ನೂ ವಿಲೇವಾರಿ ಮಾಡಿ, ನಂಬಿಕೆಯ ಅಂಗಡಿಯಿಂದ ಒಂದೇ ಮಾದರಿಯ ಎರಡು ಹೊಸ ಸೆಲ್‌ಗಳನ್ನು ಒಟ್ಟಿಗೆ ಕೊಳ್ಳಲಿ. ಅವೆರಡೂ ಯಾವಾಗಲೂ ಜೋಡಿಯಾಗಿಯೇ ಬಳಕೆಯಾಗಬೇಕು, ಜೋಡಿಯಾಗಿಯೇ ಚಾರ್ಜ್ ಆಗಬೇಕು. ಹಳೆಯದರ ಜೊತೆ ಹೊಸದನ್ನು ಹಾಕಿದರೆ ದುರ್ಬಲವಾದದ್ದು ಬೇಗ ಬರಿದಾಗಿ, ಬಲವಾದದ್ದರ ಒತ್ತಡಕ್ಕೆ ಸಿಕ್ಕಿ ಹಾಳಾಗುತ್ತದೆ.

ಬಿಡಿ ಸೆಲ್ಅನ್ನು ಜೇಬಿಗೆ ಹಾಕಿಕೊಂಡು ಓಡಾಡುವ ರೂಢಿಯಿದ್ದರೆ ಇಂದೇ ಬಿಡಲಿ. ಕೀಲಿ ಅಥವಾ ನಾಣ್ಯ ತಗುಲಿದರೆ ಸಾಕು. ಅಮೆರಿಕದ ಅಗ್ನಿಶಾಮಕ ಆಡಳಿತ 2009ರಿಂದ 2016ರವರೆಗೆ ಲೆಕ್ಕಹಾಕಿದ ಇ-ಸಿಗರೇಟಿನ 195 ಬೆಂಕಿ-ಸ್ಫೋಟ ಪ್ರಕರಣಗಳಲ್ಲಿ 61 ಪ್ರಕರಣಗಳು ಸಾಧನವೋ ಬಿಡಿ ಬ್ಯಾಟರಿಯೋ ಜೇಬಿನಲ್ಲಿದ್ದಾಗಲೇ ಸಂಭವಿಸಿವೆ. ಬಿಡಿ ಸೆಲ್ ಇಟ್ಟುಕೊಳ್ಳುವ ಪ್ಲಾಸ್ಟಿಕ್ ಡಬ್ಬಿಯ ಬೆಲೆ ಅತ್ಯಲ್ಪ. ಅದೇ ದೇಶದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು 18650 ಸೆಲ್‌ಗಳನ್ನು ಬಿಡಿಯಾಗಿ ಕೊಂಡು ಬಳಸಲೇಬೇಡಿ ಎಂದು 2021ರಲ್ಲಿ ಎಚ್ಚರಿಸಿದೆ ಎಂಬುದನ್ನೂ ತಮ್ಮನಿಗೆ ಹೇಳಿ. ಒಳಗೇ ಬ್ಯಾಟರಿ ಕೂಡಿಸಿರುವ, ಜೊತೆಗೆ ಬಂದ ಕೇಬಲ್‌ನಿಂದ ಚಾರ್ಜ್ ಆಗುವ ಸಾಧನಕ್ಕೆ ಬದಲಾಯಿಸಿಕೊಂಡರೆ ಇಷ್ಟು ಲೆಕ್ಕದ ಅಗತ್ಯವೇ ಬೀಳದು. ಚಾರ್ಜ್ ಮಾಡುವ ಕ್ರಮವನ್ನು ಮುಂದಿನ ಉತ್ತರದಲ್ಲಿ ಹೇಳಿದ್ದೇನೆ, ಸೆಲ್ ಒಂದೇ ಆದ್ದರಿಂದ ಕ್ರಮವೂ ಒಂದೇ.

ಪ್ರಶ್ನೆ: ನಮ್ಮದು ದ್ರಾಕ್ಷಿ ತೋಟ. ರಾತ್ರಿ ಪಾಳಿಯ ಕರೆಂಟಿಗೆ ನೀರು ಬಿಡಲು ಹೋಗುವಾಗ ಹಣೆಗೆ ಕಟ್ಟುವ ಟಾರ್ಚ್ ಬಳಸುತ್ತೇವೆ. ಅದರ ಸೆಲ್ಅನ್ನು ಪಂಪಿನ ಪತ್ರಾಸ್ ಶೆಡ್ಡಿನಲ್ಲಿ ಹಗಲಿಗೆ ಚಾರ್ಜಿಗೆ ಹಾಕುತ್ತೇವೆ. ಬೇಸಿಗೆಯಲ್ಲಿ ಮುಟ್ಟಲಾಗದಷ್ಟು ಸುಡುತ್ತದೆ, ಚಾರ್ಜರಿನ ಹಸಿರು ದೀಪ ಹತ್ತುವುದೇ ಇಲ್ಲ. ಇದು ಅಪಾಯವೇ?
– ಓದುಗರು, ತಿಕೋಟಾ, ವಿಜಯಪುರ ಜಿಲ್ಲೆ

ಉತ್ತರ: ಅಪಾಯವೇ. ಆ ಸೆಲ್ಅನ್ನು ಮತ್ತೆ ಚಾರ್ಜಿಗೆ ಹಾಕಬೇಡಿ. ಲಿಥಿಯಂ-ಅಯಾನ್ ಸೆಲ್‌ಗಳನ್ನು ಚಾರ್ಜ್ ಮಾಡಲು ತಯಾರಕರು ಸಾಮಾನ್ಯವಾಗಿ ಹೇಳುವ ಉಷ್ಣಾಂಶದ ಮಿತಿ 0ಯಿಂದ 45 ಡಿಗ್ರಿ ಸೆಲ್ಸಿಯಸ್. ವಿಜಯಪುರದ ಬೇಸಿಗೆಯಲ್ಲಿ ನೆರಳಿನಲ್ಲೇ 40 ದಾಟುವಾಗ, ಕಾದ ಪತ್ರಾಸ್ ಅಡಿಯಲ್ಲಿ ಸೆಲ್ ಚಾರ್ಜಿಗೆ ಕೂರುವ ಮೊದಲೇ ಆ ಮಿತಿ ಮುಗಿದಿರುತ್ತದೆ. ಬೆಳಗಿನ ತಂಪಿನಲ್ಲಿ, ಮನೆಯಲ್ಲಿ ಎಚ್ಚರವಿರುವವರ ಕಣ್ಣಳತೆಯಲ್ಲಿ, ಕಲ್ಲಿನ ಕಟ್ಟೆಯ ಮೇಲೆ ಚಾರ್ಜ್ ಮಾಡಿ. ಕಣಿಕೆ, ಹಾಸಿಗೆ, ಖಾಲಿ ಚೀಲಗಳು ಹತ್ತಿರವಿರಬಾರದು.

ಹಸಿರು ದೀಪದ ಬಗ್ಗೆ: ಸರಿಯಾದ ಚಾರ್ಜರ್ ಮೊದಲು ಸ್ಥಿರವಾದ ಪ್ರವಾಹ ಕೊಟ್ಟು ಸೆಲ್ಅನ್ನು 4.2 ವೋಲ್ಟ್‌ಗೆ ಏರಿಸುತ್ತದೆ, ಆಮೇಲೆ ವೋಲ್ಟೇಜನ್ನು ಅಲ್ಲಿಯೇ ಹಿಡಿದು ಪ್ರವಾಹವನ್ನು ಇಳಿಸುತ್ತ ಬಂದು ಕೊನೆಗೆ ಪೂರ್ತಿ ನಿಲ್ಲಿಸುತ್ತದೆ. 2600 ಎಂಎಎಚ್ ಸೆಲ್‌ಗೆ 1 ಆಂಪಿಯರ್ ಚಾರ್ಜರಿನಲ್ಲಿ ಮೂರು ಗಂಟೆಯ ಸುಮಾರು ಸಾಕು. ಅದಕ್ಕಿಂತ ಬಹಳ ಹೊತ್ತಾದರೂ ಮುಗಿಯದೆ ಸೆಲ್ ಸುಡುತ್ತಿದ್ದರೆ, ಸೆಲ್ ಒಳಗೇ ಕರೆಂಟು ಸೋರುತ್ತಿದೆ ಅಥವಾ ಚಾರ್ಜರಿಗೆ ನಿಲ್ಲಿಸುವುದು ತಿಳಿದಿಲ್ಲ. ಎರಡನ್ನೂ ಬದಲಿಸುವುದೇ ಕ್ಷೇಮ. ಕೊಳ್ಳುವಾಗ ಸೆಲ್ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, ಐಎಸ್ 16046 ಎಂಬ ಮಾನಕ ಸಂಖ್ಯೆ ಮತ್ತು ‘ಆರ್’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇವೆಯೇ ಎಂದು ನೋಡಿ. ನಿಮಗೆ ಹೆಚ್ಚು ಆಂಪಿಯರ್‌ನ ಸೆಲ್ ಬೇಕಿಲ್ಲ, 10 ವ್ಯಾಟ್ ಟಾರ್ಚ್ ಎಳೆಯುವುದು 3 ಆಂಪಿಯರ್ ಆಸುಪಾಸು. ತುದಿಯಲ್ಲಿ ರಕ್ಷಣಾ ಸರ್ಕಿಟ್ ಇರುವ ‘ಪ್ರೊಟೆಕ್ಟೆಡ್’ ಸೆಲ್ ತೆಗೆದುಕೊಳ್ಳಿ. ಅದು ಕೆಲವು ಮಿಲಿಮೀಟರ್ ಉದ್ದವಿರುವುದರಿಂದ ಟಾರ್ಚನ್ನು ಅಂಗಡಿಗೇ ಒಯ್ದು ಹಾಕಿ ನೋಡಿ.

ರಕ್ಷಣಾ ಸರ್ಕಿಟ್ ಏಕೆ ಎಂದರೆ, ಟಾರ್ಚ್ ಆರಿಸಲು ಮರೆತು ಸೆಲ್ ಪೂರ್ತಿ ಬತ್ತುವುದನ್ನು ಅದು ತಡೆಯುತ್ತದೆ. ವೋಲ್ಟೇಜ್ 2ಕ್ಕಿಂತ ಕೆಳಗಿಳಿದ ಸೆಲ್‌ನಲ್ಲಿ ಒಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ, ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಬೇಡದ ಕಡೆ ಕೂತು ಒಳಗೇ ಶಾರ್ಟ್ ಆಗುವ ಸಂಭವವಿದೆ. ಅಂಥ ಸೆಲ್‌ಗೆ ಇನ್ನೊಂದು ಬ್ಯಾಟರಿಯಿಂದ ತಂತಿ ಕೊಟ್ಟು ‘ಎಬ್ಬಿಸುವ’ ಕೈಚಳಕವನ್ನು ದಯವಿಟ್ಟು ಯಾರೂ ಮಾಡಬೇಡಿ. ಚಾರ್ಜಿನಲ್ಲಿದ್ದಾಗ ಸೆಲ್ ಬುಸುಗುಟ್ಟಿದರೆ ಅಥವಾ ಹೊಗೆ ಬಂದರೆ, ಕೈಗೆ ಸುರಕ್ಷಿತವಾಗಿ ಸಿಗುವಂತಿದ್ದರೆ ಮಾತ್ರ ಮೇನ್ ಸ್ವಿಚ್ ಆರಿಸಿ, ಎಲ್ಲರೂ ಹೊರಗೆ ಬನ್ನಿ; ಆ ಹೊಗೆ ವಿಷಕಾರಿ. ಸುಟ್ಟ ಗಾಯಕ್ಕೆ ಹರಿಯುವ ತಣ್ಣೀರನ್ನು 20 ನಿಮಿಷ ಬಿಟ್ಟು ವೈದ್ಯರ ಬಳಿ ಹೋಗಿ, ಟೂತ್‌ಪೇಸ್ಟ್ ಹಚ್ಚಬೇಡಿ.

ಪ್ರಶ್ನೆ: ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದೇನೆ. ಉಬ್ಬಿದ ಬ್ಯಾಟರಿಗಳು, ಹಳೆಯ ಸೆಲ್‌ಗಳು ಒಂದು ಡಬ್ಬ ತುಂಬಿವೆ. ಇವನ್ನು ಕಸದ ಗಾಡಿಗೆ ಹಾಕಬಹುದೇ?
– ಓದುಗರು, ನವನಗರ, ಬಾಗಲಕೋಟೆ

ಉತ್ತರ: ಹಾಕಬಾರದು. ಕಸದ ಗಾಡಿಯಲ್ಲಿ ಒತ್ತುವಾಗ ಅವು ಹೊತ್ತಿಕೊಳ್ಳುತ್ತವೆ. ಅಡ್ಡಗೆರೆ ಎಳೆದು ಹೊಡೆದುಹಾಕಿರುವ, ಚಕ್ರವುಳ್ಳ ಕಸದ ಬುಟ್ಟಿಯ ಚಿತ್ರ ಬ್ಯಾಟರಿಯ ಮೇಲಿರುವುದು ಇದನ್ನೇ ಹೇಳುವುದಕ್ಕೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಯನ್ನು ಮರಳಿ ಪಡೆದು ಮರುಬಳಕೆಗೆ ಕಳಿಸುವ ಹೊಣೆಯನ್ನು ತಯಾರಕರ ಮೇಲೆಯೇ ಹೊರಿಸಿವೆ, ಆದ್ದರಿಂದ ನಿಮಗೆ ಸರಕು ಪೂರೈಸುವ ಡೀಲರನ್ನು ಮೊದಲು ಕೇಳಿ, ಇಲ್ಲವಾದರೆ ನೋಂದಾಯಿತ ಮರುಬಳಕೆದಾರರಿಗೆ ಕೊಡಿ. ಅಲ್ಲಿಯವರೆಗೆ ಪ್ರತಿಯೊಂದರ ತುದಿಗಳಿಗೂ ಟೇಪ್ ಸುತ್ತಿ, ಉಬ್ಬಿದವುಗಳನ್ನು ಚುಚ್ಚದೆ ಬೇರೆಯಾಗಿ ಒಣ ಮರಳಿನ ಡಬ್ಬದಲ್ಲಿ ಅಂಗಡಿಯ ಹೊರಗೆ ನೆರಳಿನಲ್ಲಿಡಿ.