ಬಳಿದು, ಒಣಗಿಸಿ, ಸುಲಿದರೆ ವಿಕಿರಣ ಹೋಗಿಬಿಡುತ್ತದಾ?

ನೀವು ನೋಡಿದ ವಿಡಿಯೋ ಸುಳ್ಳಲ್ಲ. ನೀಲಿ ಬಣ್ಣದ ಮಂದ ದ್ರವವನ್ನು ನೆಲಕ್ಕೆ ಬಳಿದು, ಮಾರನೇ ದಿನ ಹಾಳೆಯ ಹಾಗೆ ಸುಲಿದು, "ರೇಡಿಯೇಷನ್ ಹೋಯ್ತು" ಅನ್ನುತ್ತಾರಲ್ಲ, ಅದು ನಿಜಾನಾ ಅಂತ ಕೇಳಿದ್ದೀರಿ. ಇಷ್ಟು ಸುಲಭ ಇದ್ದರೆ 1986ರಲ್ಲಿ ಪರಮಾಣು ಸ್ಥಾವರ ಸ್ಫೋಟಿಸಿದ ಚೆರ್ನೋಬಿಲ್‌ಗೆ ಯಾಕೆ ಬಳಿಯಲಿಲ್ಲ, ಮನೆಯಲ್ಲಿ ಒಂದು ಡಬ್ಬ ಇಟ್ಟುಕೊಳ್ಳಬಹುದಾ ಅಂತಲೂ ಕೇಳಿದ್ದೀರಿ. ನಿಜ, ಆದರೆ ಕೆಲವು ಜಾಗಕ್ಕೆ ಮಾತ್ರ. ಚೆರ್ನೋಬಿಲ್‌ನಲ್ಲೂ ಇದೇ ಜಾತಿಯ ದ್ರವಗಳನ್ನು ಸುರಿದಿದ್ದಾರೆ, ಉದ್ದೇಶ ಬೇರೆ ಇತ್ತು. ಮನೆಗೆ ಬೇಡ.

ನಾನು ಆಸ್ಪತ್ರೆಯೊಂದರ ನ್ಯೂಕ್ಲಿಯರ್ ಮೆಡಿಸಿನ್ (ವಿಕಿರಣಶೀಲ ಔಷಧಿ ಕೊಟ್ಟು ರೋಗ ಪತ್ತೆ, ಚಿಕಿತ್ಸೆ ಮಾಡುವ) ವಿಭಾಗದಲ್ಲಿ ವಿಕಿರಣ ಸುರಕ್ಷತೆ ನೋಡಿಕೊಳ್ಳುವವನು. ಬಳಿದು ಸುಲಿಯುವ ಈ ಮಂದ ದ್ರವ, ಅಂದರೆ ಜೆಲ್, ನಮ್ಮಲ್ಲಿ ದಿನಬಳಕೆಯದ್ದಲ್ಲ, ಯಾಕೆ ಅಂತ ಆಮೇಲೆ ಹೇಳುತ್ತೇನೆ. ತರಬೇತಿಯಲ್ಲಿ ಮಾತ್ರ ನನ್ನ ಕೈಯಾರೆ ಬಳಿದು ಸುಲಿದಿದ್ದೇನೆ.

ಮೊದಲು ಒಂದು ಗೊಂದಲ ಬಿಡಿಸೋಣ. ಎಕ್ಸ್‌ರೇ ತೆಗೆಸಿಕೊಂಡವರ ಮೈಮೇಲೆ ಏನೂ ಅಂಟಿಕೊಂಡಿರುವುದಿಲ್ಲ. ವಿಕಿರಣ ಹಾದುಹೋಯಿತು, ಮುಗಿಯಿತು. ಆದರೆ ವಿಕಿರಣಶೀಲ ಸೀಸಿಯಂ ಅನ್ನುವ ಲೋಹ ಇರುವ ದೂಳು ನೆಲಕ್ಕೆ ಬಿದ್ದರೆ ಕಥೆ ಬೇರೆ. ಆ ದೂಳು ಅಲ್ಲೇ ಕೂತು ವಿಕಿರಣ ಬಿಡುತ್ತಲೇ ಇರುತ್ತದೆ. ನಾವು ಕಂಟಾಮಿನೇಷನ್ ಅನ್ನುವುದು ಇದಕ್ಕೆ. ಜೆಲ್ ಎತ್ತುವುದು ಈ ದೂಳನ್ನು. ಎತ್ತಿದ ಮೇಲೂ ಅದರ ವಿಕಿರಣ ಒಂದಿಷ್ಟೂ ಕಡಿಮೆ ಆಗಿರುವುದಿಲ್ಲ. ನೆಲದಲ್ಲಿ ಇದ್ದದ್ದು ಹಾಳೆಗೆ ಬಂದಿರುತ್ತದೆ ಅಷ್ಟೇ.

ಶಾಲೆಯಲ್ಲಿ ಅಂಗೈಗೆ ಫೆವಿಕಾಲ್ ಸವರಿ, ಒಣಗಿದ ಮೇಲೆ ಸುಲಿದಿದ್ದೀರಾ? ನಾವೆಲ್ಲ ಕೊನೇ ಬೆಂಚಿನಲ್ಲಿ ಇದೇ ಕೆಲಸ ಮಾಡುತ್ತಿದ್ದೆವು. ಬಂದ ಪೊರೆಯನ್ನು ಬೆಳಕಿಗೆ ಹಿಡಿದರೆ ಕೈರೇಖೆಗಳು ಅಚ್ಚೊತ್ತಿದ ಹಾಗೆ ಕಾಣುತ್ತವೆ. ಅಂಗೈಯಲ್ಲಿದ್ದ ಕೊಳೆ, ಸೀಸದ ಕಡ್ಡಿಯ ಪುಡಿ ಎಲ್ಲ ಅದಕ್ಕೇ ಅಂಟಿ ಬಂದಿರುತ್ತದೆ. ಸುಲಿಯುವ ಲೇಪನದ ಅರ್ಧ ಗುಟ್ಟು ಅಲ್ಲೇ ಇದೆ. ಫೆವಿಕಾಲ್‌ನಲ್ಲಿ ಇರುವುದು ಪಾಲಿವಿನೈಲ್ ಅಸಿಟೇಟ್. ಈ ಲೇಪನಗಳಲ್ಲಿ ಹಲವು ಪಾಲಿವಿನೈಲ್ ಆಲ್ಕೋಹಾಲ್‌ನಿಂದ ಮಾಡಿದವು, ಅದನ್ನು ತಯಾರಿಸುವುದೇ ಆ ಅಸಿಟೇಟ್‌ನಿಂದ. ಲೇಟೆಕ್ಸ್, ಅಕ್ರಿಲಿಕ್, ವಿನೈಲ್ ಆಧಾರದವೂ ಇವೆ. ಹವಾಯಿಯ ಕಂಪನಿಯೊಂದು ತಯಾರಿಸಿದ ಡೆಕಾನ್‌ಜೆಲ್ ಈ ಪೈಕಿ ಹೆಚ್ಚು ಹೆಸರು ಮಾಡಿದ್ದು. 2011ರಲ್ಲಿ ಜಪಾನಿನ ಫುಕುಶಿಮಾ ಪರಮಾಣು ಸ್ಥಾವರದಲ್ಲಿ ಅಪಘಾತ ಆದ ಮೇಲೆ ಅಲ್ಲಿಗೂ ಹೋಯಿತು. ನೀವು ನೋಡಿದ ನೀಲಿ ಬಹುಶಃ ಅದೇ ಇರಬೇಕು.

ಉಳಿದ ಅರ್ಧ ಗುಟ್ಟು ರಸಾಯನದ್ದು. ಜೆಲ್ ಹಸಿಯಾಗಿದ್ದಾಗ ಅದರ ನೀರು ಮೇಲ್ಮೈಯ ಸಣ್ಣ ಗುಳಿಗಳಿಗೆ ಇಳಿದು, ಅಲ್ಲಿ ಅಂಟಿದ್ದನ್ನು ಸಡಿಲ ಮಾಡುತ್ತದೆ. ಕೆಲವು ಜೆಲ್‌ಗಳಲ್ಲಿ ಇಡಿಟಿಎಯಂಥ ರಾಸಾಯನಿಕ ಬೆರೆಸಿರುತ್ತಾರೆ. ಅದು ಲೋಹದ ಅಯಾನುಗಳನ್ನು (ವಿದ್ಯುದಾವೇಶ ಇರುವ ಕಣಗಳನ್ನು) ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ನೀರು ಆರುತ್ತಾ ಹೋದ ಹಾಗೆ ಪಾಲಿಮರ್ ಎಳೆಗಳು ಹತ್ತಿರ ಬಂದು ಎಲ್ಲವನ್ನೂ ಒಳಗೆ ಬಂಧಿಸುತ್ತವೆ. ಕೋಬಾಲ್ಟ್, ಯುರೇನಿಯಂ, ಪ್ಲುಟೋನಿಯಂ ಮುಂತಾದವಕ್ಕೆ ಇದು ಚೆನ್ನಾಗಿ ಒಗ್ಗುತ್ತದೆ. ಸೀಸಿಯಂ ಮಾತ್ರ ಹಠಮಾರಿ. ಅದು ಸೋಡಿಯಂ, ಪೊಟ್ಯಾಸಿಯಂಗಳ ಬಳಗದ್ದು, ಇಡಿಟಿಎ ಕೈಗೆ ಸುಲಭಕ್ಕೆ ಸಿಗುವುದಿಲ್ಲ. ಅದಕ್ಕೆ ಪ್ರಷ್ಯನ್ ಬ್ಲೂ ಅನ್ನುವ ಬಣ್ಣದ ಪುಡಿ, ಜಿಯೋಲೈಟ್ ಅನ್ನುವ ಖನಿಜದ ಥರದ್ದು ಬೇಕು. 1987ರಲ್ಲಿ ಬ್ರೆಜಿಲ್‌ನ ಗೊಯಾನಿಯಾ ಊರಿನಲ್ಲಿ ಗುಜರಿಗೆ ಹೋದ ಕ್ಯಾನ್ಸರ್ ಚಿಕಿತ್ಸಾ ಯಂತ್ರದಿಂದ ಸೀಸಿಯಂ ಪುಡಿ ಹರಡಿ ನಾಲ್ಕು ಜನ ಸತ್ತರು. ಆಗ ದೇಹದೊಳಗೆ ಸೀಸಿಯಂ ಸೇರಿದವರಿಗೆ ಕೊಟ್ಟ ಔಷಧಿಯೂ ಇದೇ ಪ್ರಷ್ಯನ್ ಬ್ಲೂ, ಬಣ್ಣದಂಗಡಿಯಲ್ಲಿ ಸಿಗುವ ಆ ಕಡು ನೀಲಿ.

ಈಗ ಕೈಕೆಲಸಕ್ಕೆ ಬರೋಣ. ವಿಡಿಯೋದಲ್ಲಿ ಇದನ್ನು ತೋರಿಸುವುದೇ ಇಲ್ಲ. ನಮಗೆ ಕೊಟ್ಟಿದ್ದು ಒಂದು ಸ್ಟೀಲ್ ಟ್ರೇ ಮತ್ತು ಒಂದು ಸಿಮೆಂಟ್ ಚಪ್ಪಡಿ. ಬಳಿಯುವ ಮೊದಲೇ ಒಂದು ಮೂಲೆಯಲ್ಲಿ ಟೇಪ್ ಅಂಟಿಸಿ, ಅದರ ತುದಿ ಹೊರಗೆ ಬಿಡಬೇಕು. ಇಲ್ಲದಿದ್ದರೆ ಮಾರನೇ ದಿನ ಎರಡೆರಡು ಗ್ಲೌಸ್ ಹಾಕಿಕೊಂಡು ಉಗುರಿನಲ್ಲಿ ಅಂಚು ಹುಡುಕುತ್ತಾ ಕೂರಬೇಕಾಗುತ್ತದೆ. ಬಳಿಯುವಾಗ ಜಿಪುಣತನ ಮಾಡಬಾರದು. ಪದರ ತೆಳ್ಳಗಾದರೆ ಸುಲಿಯುವಾಗ ಚೂರುಚೂರಾಗಿ ಹರಿಯುತ್ತದೆ, ಆಮೇಲೆ ಪ್ರತಿ ಚೂರನ್ನೂ ಚಿಮುಟದಲ್ಲಿ ಹೆಕ್ಕಬೇಕು. ಬಣ್ಣ ಹಾಕಿರುವ ಪ್ರಯೋಜನ ಆಗ ಗೊತ್ತಾಗುತ್ತದೆ: ಎಲ್ಲಿ ಬಳಿದಿಲ್ಲ, ಎಲ್ಲಿ ತುಣುಕು ಉಳಿದಿದೆ ಅಂತ ಕಣ್ಣಿಗೇ ಕಾಣುತ್ತದೆ. ಮಳೆಗಾಲವಾದರೆ ಒಣಗುವುದು ಇನ್ನೊಂದು ಗೋಳು. ಮೇಲೆ ಒಣಗಿದ ಹಾಗೆ ಕಾಣುತ್ತದೆ, ಎಳೆದರೆ ಒಳಗೆ ಲೋಳೆ.

ಸ್ಟೀಲ್ ಮೇಲಿನ ಪದರ ಮಾತ್ರ ಸೊಗಸಾಗಿ ಬಂತು. ನಿಧಾನವಾಗಿ ಎಳೆದರೆ ಪರಪರ ಅಂತ ಸಣ್ಣ ಸದ್ದು, ಒಂದೇ ತುಂಡಾಗಿ ಎದ್ದು ಬರುತ್ತದೆ. ಕೊಳೆ ಹಿಡಿದ ಮೈಯನ್ನು ಒಳಮುಖ ಮಾಡಿ ಸುರುಳಿ ಸುತ್ತುತ್ತಾ ಹೋಗಬೇಕು. ಸಿಮೆಂಟ್ ಚಪ್ಪಡಿಯಲ್ಲಿ ಅರ್ಧ ಬಂತು, ಅರ್ಧ ಅಲ್ಲೇ ಕಚ್ಚಿಕೊಂಡಿತು. ಹೀಗಾಗಿ ಒರಟು ಮೇಲ್ಮೈಗೆ ಕೆಲವರು ಜೆಲ್ ಹಸಿ ಇರುವಾಗಲೇ ತೆಳ್ಳನೆಯ ಬಟ್ಟೆ ಹಾಸಿ ಮತ್ತೆ ಬಳಿಯುತ್ತಾರೆ. ಎಳೆಯಲು ಬಲ ಸಿಗುತ್ತದೆ.

ಇಲ್ಲಿ ಹುಷಾರಾಗಿ ಇರಬೇಕಾದ ಒಂದು ವಿಷಯ ಇದೆ. ಪ್ಲುಟೋನಿಯಂನಂಥವು ಬಿಡುವ ಆಲ್ಫಾ ಕಣಗಳಿಗೆ ಒಂದು ಕಾಗದದ ಹಾಳೆ ದಾಟುವ ಶಕ್ತಿಯೂ ಇಲ್ಲ. ಲೇಪನ ಹಾಕಿದ ಮೇಲೆ ಅದರ ಮೇಲೆ ಆಲ್ಫಾ ಅಳೆಯುವ ಮೀಟರ್ ಹಿಡಿದರೆ ಸೊನ್ನೆ ತೋರಿಸುತ್ತದೆ. ಎಲ್ಲ ಸ್ವಚ್ಛ ಅಂತ ಅನ್ನಿಸುತ್ತದೆ, ಆದರೆ ಮಾಲು ಕೆಳಗೇ ಇರುತ್ತದೆ. ಅಳತೆ ಏನಿದ್ದರೂ ಬಳಿಯುವ ಮೊದಲು, ಮತ್ತು ಸುಲಿದ ಮೇಲೆ. ಹತ್ತು ಪಾಲು ಇದ್ದದ್ದು ಒಂದು ಪಾಲಿಗೆ ಇಳಿದರೆ 90% ಹೋಯಿತು ಅಂತ ಲೆಕ್ಕ. ಎರಡನೇ ಸಲ ಬಳಿದರೂ ಮೊದಲ ಸಲದಷ್ಟು ಬರುವುದಿಲ್ಲ. ಸುಲಭವಾಗಿ ಬರುವಂಥದ್ದು ಮೊದಲನೇ ಪದರದಲ್ಲೇ ಬಂದುಬಿಟ್ಟಿರುತ್ತದೆ.

ಹಾಗಾದರೆ ಸೋಪು ನೀರಿಗಿಂತ ಇದು ಹೇಗೆ ಮೇಲು? ನಯವಾದ ಸ್ಟೀಲ್ ಮೇಲೆ ಸೋಪು ನೀರೂ ಚೆನ್ನಾಗೇ ಕೆಲಸ ಮಾಡುತ್ತದೆ. ವ್ಯತ್ಯಾಸ ಇರುವುದು ಆಮೇಲೆ. ತೊಳೆದರೆ ಕೊಳಕು ನೀರು ಹುಟ್ಟುತ್ತದೆ. ಅದನ್ನು ಚರಂಡಿಗೆ ಬಿಡುವ ಹಾಗಿಲ್ಲ. ಟ್ಯಾಂಕಿನಲ್ಲಿ ಹಿಡಿದು, ಸೋಸಿ, ಆವಿ ಮಾಡಿ, ಉಳಿದದ್ದನ್ನು ಸಿಮೆಂಟಿನಲ್ಲಿ ಗಟ್ಟಿ ಮಾಡಬೇಕು. ಒಣ ಬಟ್ಟೆಯಲ್ಲಿ ಉಜ್ಜಿದರೆ ದೂಳು ಗಾಳಿಗೆ ಏಳುತ್ತದೆ, ಉಸಿರಿನಲ್ಲಿ ಒಳಗೆ ಹೋದರೆ ಹೊರಗಿದ್ದದ್ದಕ್ಕಿಂತ ಜಾಸ್ತಿ ಅಪಾಯ. ಲೇಪನದಲ್ಲಿ ದೂಳು ಏಳುವುದಿಲ್ಲ, ನೀರು ಹರಿಯುವುದಿಲ್ಲ. ಕೊನೆಗೆ ಕೈಯಲ್ಲಿ ಉಳಿಯುವುದು ಒಂದು ಒಣ ಸುರುಳಿ. ಚೀಲಕ್ಕೆ ಹಾಕಿ, ಕಟ್ಟಿ, ಲೇಬಲ್ ಅಂಟಿಸಿ ತ್ಯಾಜ್ಯಕ್ಕೆ ಕಳಿಸಿದರಾಯಿತು. ನನ್ನ ಪ್ರಕಾರ ಇದರ ನಿಜವಾದ ಬೆಲೆ ಇರುವುದು ಇಲ್ಲಿ. ಜಾಹೀರಾತಿನವರು ಮಾತ್ರ "99% ಕ್ಲೀನ್" ಅನ್ನುವುದನ್ನೇ ದೊಡ್ಡದಾಗಿ ಬರೆಯುತ್ತಾರೆ. ಯಾವ ಮೇಲ್ಮೈಯಲ್ಲಿ ಅಂತ ಕೇಳಿ ನೋಡಿ.

ಯಾಕೆಂದರೆ ಮೇಲ್ಮೈಯೊಳಗೆ ಇಳಿದು ಕೂತದ್ದನ್ನು ಯಾವ ಜೆಲ್ಲೂ ಎತ್ತುವುದಿಲ್ಲ. ಇದನ್ನು ಅಮೆರಿಕದ ನೌಕಾಪಡೆ ದುಬಾರಿ ಬೆಲೆ ಕೊಟ್ಟು ಕಲಿಯಿತು. 1946ರ ಜುಲೈ 25ರಂದು ಪೆಸಿಫಿಕ್‌ನ ಬಿಕಿನಿ ಹವಳದ್ವೀಪದಲ್ಲಿ ಬೇಕರ್ ಅನ್ನುವ ಹೆಸರಿನ ಪರಮಾಣು ಬಾಂಬನ್ನು ನೀರಿನೊಳಗೆ ಸಿಡಿಸಿದರು. ಗುರಿಯಾಗಿ ನಿಲ್ಲಿಸಿದ್ದ ಹಳೇ ಯುದ್ಧನೌಕೆಗಳ ಮೇಲೆ ವಿಕಿರಣಶೀಲ ನೀರು, ಮಂಜು ಸುರಿಯಿತು. ನಾವಿಕರು ಡೆಕ್ಕಿಗೆ ನೀರು ಹಾಯಿಸಿದರು, ಸೋಪು ಹಾಕಿ ಬ್ರಷ್‌ನಲ್ಲಿ ತಿಕ್ಕಿದರು, ಕ್ಷಾರದ ದ್ರಾವಣ ಹಾಕಿದರು. ಕೊಳೆ ಬಣ್ಣದ ಪದರಗಳಿಗೆ, ತುಕ್ಕಿಗೆ, ಮರದ ಹಲಗೆಗಳಿಗೆ, ಹಗ್ಗಗಳಿಗೆ ಇಳಿದುಬಿಟ್ಟಿತ್ತು. ಬಣ್ಣವನ್ನೇ ಕೆರೆದು ತೆಗೆಯದೆ ಬೇರೆ ದಾರಿ ಇರಲಿಲ್ಲ. ವಿಕಿರಣ ಸುರಕ್ಷತೆಯ ಹೊಣೆ ಹೊತ್ತಿದ್ದ ಸ್ಟಾಫರ್ಡ್ ವಾರೆನ್ ಪಟ್ಟು ಹಿಡಿದ ಮೇಲೆ ಆಗಸ್ಟ್ 10ಕ್ಕೆ ಆ ಕೆಲಸವನ್ನೇ ನಿಲ್ಲಿಸಿದರು. ಬಹಳಷ್ಟು ಹಡಗುಗಳನ್ನು ಕೊನೆಗೆ ಮುಳುಗಿಸಬೇಕಾಯಿತು.

ಅದಕ್ಕೇ ಈ ಲೇಪನವನ್ನು ಮೊದಲೇ ಬಳಿದಿಡುವುದು ಇದರ ಒಳ್ಳೇ ಉಪಯೋಗ ಅಂತ ನನಗೆ ಅನ್ನಿಸುತ್ತದೆ. ಕೊಳೆ ಆಗುವುದು ಖಚಿತ ಅನ್ನುವ ಗ್ಲೋವ್ ಬಾಕ್ಸ್ (ಗೋಡೆಗೇ ಜೋಡಿಸಿದ ಗ್ಲೌಸ್‌ಗಳ ಮೂಲಕ ಕೈ ಹಾಕಿ ಕೆಲಸ ಮಾಡುವ ಮುಚ್ಚಿದ ಪೆಟ್ಟಿಗೆ), ಹಾಟ್ ಸೆಲ್‌ನ (ತೀವ್ರ ವಿಕಿರಣದ ವಸ್ತುಗಳಿಗೆ ಕಟ್ಟಿದ ದಪ್ಪ ಗೋಡೆಯ ಕೋಣೆಯ) ಒಳಗೋಡೆ, ಹಳೇ ಪೈಪು ಕತ್ತರಿಸುವ ಜಾಗ, ಇಲ್ಲೆಲ್ಲ ಕೆಲಸಕ್ಕೆ ಮುಂಚೆ ಬಳಿದು ಒಣಗಿಸಿಬಿಡುತ್ತಾರೆ. ಬೀಳುವ ದೂಳೆಲ್ಲ ಪದರದ ಮೇಲೆ ಬೀಳುತ್ತದೆ, ಗೋಡೆಗೆ ಮುಟ್ಟುವುದೇ ಇಲ್ಲ. ಕೆಲಸ ಮುಗಿದ ಮೇಲೆ ಕಿತ್ತರಾಯಿತು. ವಿಡಿಯೋದಲ್ಲಿ ನೋಡೋಕೆ ಇದು ಸಪ್ಪೆ, ಯಾರೂ ತೋರಿಸುವುದಿಲ್ಲ.

ಇನ್ನು ಚೆರ್ನೋಬಿಲ್. 1986ರಲ್ಲಿ ಅಲ್ಲಿ ದೂಳು ಏಳದ ಹಾಗೆ ಮಾಡಲು ಹೆಲಿಕಾಪ್ಟರ್‌ಗಳಿಂದ, ಟ್ಯಾಂಕರ್‌ಗಳಿಂದ ಅಂಟಿನಂಥ ದ್ರಾವಣಗಳನ್ನು ಸಿಂಪಡಿಸಿದರು. ಅಲ್ಲಿನ ಕೆಲಸಗಾರರು "ಬಾರ್ದಾ" ಅನ್ನುತ್ತಿದ್ದ ಕಂದು ದ್ರವವೂ ಇತ್ತು. ಒಣಗಿದರೆ ಮಣ್ಣಿನ ಮೇಲೆ ಹೊಪ್ಪಳೆ ಕಟ್ಟುತ್ತಿತ್ತು, ಗಾಳಿಗೆ ದೂಳು ಹಾರುತ್ತಿರಲಿಲ್ಲ. ಮಣ್ಣಿನ ಮೇಲೆ ಅದನ್ನು ಸುರಿದದ್ದು ಸುಲಿಯುವುದಕ್ಕಲ್ಲ. ಮಣ್ಣನ್ನು, ಹುಲ್ಲನ್ನು, ಕಾಡನ್ನು ಸುಲಿಯುವುದು ಹೇಗೆ? ಲೆಕ್ಕ ಹಾಕಿ ನೋಡಿ. ಒಂದು ಚದರ ಮೀಟರಿಗೆ ಒಂದು ಲೀಟರ್ ಬಳಿದರೆ ಹಸಿ ಪದರ ಬರೀ 1 ಮಿಲಿಮೀಟರ್ ದಪ್ಪ. ಒಂದು ಚದರ ಕಿಲೋಮೀಟರಿಗೆ 10 ಲಕ್ಷ ಲೀಟರ್ ಬೇಕು. ಆಗ ಜನರನ್ನು ತೆರವು ಮಾಡಿಸಿದ್ದು ಸ್ಥಾವರದ ಸುತ್ತ 30 ಕಿಲೋಮೀಟರ್ ಪ್ರದೇಶದಿಂದ. ಮೇಲಾಗಿ ಸೀಸಿಯಂ ಜೇಡಿಮಣ್ಣಿನ ಪದರಗಳ ನಡುವೆ ಸಿಕ್ಕಿಕೊಂಡರೆ ಬಿಡಿಸುವುದು ಬಲು ಕಷ್ಟ. ಅಲ್ಲಿ ಕೊಪಾಚಿ ಅನ್ನುವ ಹಳ್ಳಿಯ ಮನೆಗಳನ್ನೇ ಕೆಡವಿ ಹೂತುಬಿಟ್ಟರು. ಫುಕುಶಿಮಾದಲ್ಲೂ ಕೊನೆಗೆ ಮಾಡಿದ್ದು ಮೇಲ್ಮಣ್ಣನ್ನು ಕೆರೆದು ಕಪ್ಪು ಚೀಲಗಳಿಗೆ ತುಂಬುವ ಕೆಲಸವನ್ನೇ. ಜೆಲ್ ಏನಿದ್ದರೂ ಕಟ್ಟಡದ ಒಳಗೆ, ಯಂತ್ರದ ಮೈಗೆ.

ನಮ್ಮ ಕೈಗಾ ಸ್ಥಾವರದ ಹೆಸರು ಯಾರಾದರೂ ಎತ್ತಬಹುದು ಅಂತ ಒಂದು ಮಾತು. 2009ರ ನವೆಂಬರ್‌ನಲ್ಲಿ ಅಲ್ಲಿ ಸುದ್ದಿಯಾಗಿದ್ದು ಕುಡಿಯುವ ನೀರಿನ ಕೂಲರ್‌ಗೆ ಸೇರಿದ್ದ ಟ್ರಿಟಿಯಂ. ಟ್ರಿಟಿಯಂ ಅಂದರೆ ಹೈಡ್ರೋಜನ್‌ನ ವಿಕಿರಣಶೀಲ ರೂಪ, ಅದು ನೀರಿನ ರೂಪದಲ್ಲೇ ಓಡಾಡುತ್ತದೆ, ದೇಹದೊಳಗೆ ಹೋಗುತ್ತದೆ. ಅಂಥದ್ದಕ್ಕೂ ಈ ಲೇಪನಕ್ಕೂ ಸಂಬಂಧ ಇಲ್ಲ.

ಆಸ್ಪತ್ರೆಯಲ್ಲಿ ಯಾಕೆ ಬಳಸುವುದಿಲ್ಲ ಅಂದೆನಲ್ಲ, ಕಾರಣ ತುಂಬಾ ಸರಳ. ನಾವು ಹೆಚ್ಚಾಗಿ ಬಳಸುವ ಟೆಕ್ನೀಷಿಯಂ-99ಎಂ ಅನ್ನುವ ವಿಕಿರಣಶೀಲ ವಸ್ತುವಿನ ಅರ್ಧಾಯು, ಅಂದರೆ ಅದರ ವಿಕಿರಣ ಅರ್ಧಕ್ಕೆ ಇಳಿಯಲು ಬೇಕಾದ ಸಮಯ, 6 ಗಂಟೆ. ನೆಲಕ್ಕೆ ಚೆಲ್ಲಿದರೆ ಟಿಶ್ಯೂನಲ್ಲಿ ಒತ್ತಿ ಹೀರಿಸಿ, ಹೊರಗಿನಿಂದ ಒಳಗೆ ಒರೆಸಿ, ಇನ್ನೂ ಉಳಿದರೆ ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ಗುರುತು ಹಾಕಿಡುತ್ತೇವೆ. 60 ಗಂಟೆಯಲ್ಲಿ ಅದು ಸಾವಿರಕ್ಕೆ ಒಂದು ಪಾಲಿಗೆ ಇಳಿದಿರುತ್ತದೆ. ಜೆಲ್ ಬಳಿದು ಒಣಗಲು ಕಾಯುವ ಹೊತ್ತಿಗೆ ಅರ್ಧ ಕೆಲಸ ತಾನಾಗೇ ಆಗಿರುತ್ತದೆ. ಐಯೋಡಿನ್-131ಕ್ಕೆ 8 ದಿನ, ಅದಕ್ಕೂ ಹೀಗೇ ಕಾಯಬಹುದು. 30 ವರ್ಷ ಅರ್ಧಾಯು ಇರುವ ಸೀಸಿಯಂ-137 ಆಗಿದ್ದರೆ ಹೀಗೆ ಕಾಯಲು ಆಗುತ್ತಾ?

ಮನೆಗೆ ಒಂದು ಡಬ್ಬ ತರಿಸಬೇಡಿ, ದುಡ್ಡು ದಂಡ. ಮೀಟರ್ ಇಲ್ಲದೆ ಎಲ್ಲಿ ಬಳಿಯಬೇಕು ಅಂತಲೂ ಗೊತ್ತಾಗುವುದಿಲ್ಲ, ಸುಲಿದ ಹಾಳೆಯನ್ನು ಎಲ್ಲಿ ಬಿಸಾಡುತ್ತೀರಿ ಅನ್ನುವುದು ಇನ್ನೊಂದು ಪ್ರಶ್ನೆ. ಗುಜರಿಯಲ್ಲೋ ಎಲ್ಲೋ ಮೂರು ರೆಕ್ಕೆಯ ವಿಕಿರಣ ಗುರುತು ಇರುವ ಭಾರದ ಡಬ್ಬ ಕಂಡರೆ ಮುಟ್ಟಬೇಡಿ, ದೂರ ಸರಿದು ಪೊಲೀಸರಿಗೆ ತಿಳಿಸಿ. ಮೈಮೇಲೆ ಏನೋ ಬಿದ್ದಿದೆ ಅನ್ನಿಸಿದರೆ ಬಟ್ಟೆ ಬಿಚ್ಚಿ ಚೀಲಕ್ಕೆ ಹಾಕಿ, ಉಗುರುಬೆಚ್ಚಗಿನ ನೀರು ಮತ್ತು ಸೋಪಿನಲ್ಲಿ ಮೆಲ್ಲಗೆ ತೊಳೆದುಕೊಳ್ಳಿ. ಚರ್ಮ ಕೆಂಪಾಗುವ ಹಾಗೆ ಉಜ್ಜಬೇಡಿ, ಗೀರು ಬಿದ್ದರೆ ಒಳಗೆ ಇಳಿಯಲು ದಾರಿ ಆಗುತ್ತದೆ.