ಸಂದು ಕಾಣದ ಗೋಡೆಗೆ ಎಂಥ ಬ್ಲೇಡ್ ಬೇಕು?

ಪ್ರಶ್ನೆ: ಮನೆಯ ಒಂದು ಕೋಣೆಗೆ ಜಿಪ್ಸಮ್ ಬೋರ್ಡಿನ ಗೋಡೆ ಹಾಕಿಸಿದ್ದೇನೆ. ಸಂದುಗಳಿಗೆ ಟೇಪ್ ಅಂಟಿಸಿ ಕಾಂಪೌಂಡ್ (ಸಂದು ತುಂಬುವ ಲೇಪ) ಹಚ್ಚುವ ಕೆಲಸವನ್ನು ನಾನೇ ಮಾಡಬೇಕೆಂದಿದ್ದೇನೆ. ಅದನ್ನು ಸವರುವ ಅಗಲ ಬ್ಲೇಡುಗಳಾದ ಜಾಯಿಂಟ್ ನೈಫ್‌ಗಳಲ್ಲಿ ಹತ್ತಾರು ಬಗೆಗಳಿವೆ. ಯಾವ ಅಗಲದ್ದು, ಯಾವ ಲೋಹದ್ದು ಕೊಳ್ಳಲಿ? ಐದಾರು ಬ್ಲೇಡುಗಳ ಸೆಟ್ ತೆಗೆದುಕೊಂಡರೆ ಒಳ್ಳೆಯದೇ?

ಸೆಟ್ ಬೇಡ. ಸೆಟ್‌ನಲ್ಲಿ ಬರುವ ಅರ್ಧದಷ್ಟು ಬ್ಲೇಡುಗಳನ್ನು ನೀವು ಮುಟ್ಟುವುದೇ ಇಲ್ಲ. ಅದೇ ಹಣಕ್ಕೆ 6, 10 ಮತ್ತು 12 ಇಂಚಿನ ಮೂರು ಒಳ್ಳೆಯ ಬ್ಲೇಡುಗಳನ್ನು ಆರಿಸಿಕೊಳ್ಳಿ.

ಈ ಮೂರೇ ಏಕೆ ಎಂಬುದು ಬೋರ್ಡನ್ನು ನೋಡಿದರೆ ತಿಳಿಯುತ್ತದೆ. ಬೋರ್ಡಿನ ಉದ್ದನೆಯ ಅಂಚುಗಳು ತಯಾರಾಗುವಾಗಲೇ ಸ್ವಲ್ಪ ಇಳಿಜಾರಾಗಿ, ತೆಳ್ಳಗೆ ಬಂದಿರುತ್ತವೆ. ಅಂಥ ಎರಡು ಅಂಚುಗಳನ್ನು ಕೂಡಿಸಿದಾಗ ನಡುವೆ ನಾಲ್ಕೈದು ಇಂಚು ಅಗಲದ, ಹೆಚ್ಚು ಆಳವಿಲ್ಲದ ತಗ್ಗು ಉಳಿಯುತ್ತದೆ. ಟೇಪೂ ಮೊದಲ ಕೋಟಿನ ಕಾಂಪೌಂಡೂ ಕೂರಬೇಕಾದದ್ದು ಅದರೊಳಗೆ. 6 ಇಂಚಿನ ಅಲಗು ತಗ್ಗಿನ ಎರಡೂ ದಡಗಳ ಮೇಲೆ ಊರಿಕೊಂಡು ಸಾಗುತ್ತದೆ. 4 ಇಂಚಿನದು ತಗ್ಗಿನೊಳಗೇ ಇಳಿದು, ಹಚ್ಚಿದ್ದನ್ನೆಲ್ಲ ಬಾಚಿಕೊಂಡು ಹೊರಗೆ ಬರುತ್ತದೆ. ಕಾಂಪೌಂಡ್ ಒಣಗುತ್ತ ಕುಗ್ಗುವುದರಿಂದ ಒಂದೇ ಕೋಟಿಗೆ ತಗ್ಗು ತುಂಬುವುದಿಲ್ಲ. ಎರಡನೆಯ ಕೋಟನ್ನು 10 ಇಂಚಿನ ಬ್ಲೇಡಿನಲ್ಲಿ, ಮೂರನೆಯದನ್ನು 12 ಇಂಚಿನದರಲ್ಲಿ, ಪ್ರತಿ ಸಲವೂ ಹಿಂದಿನ ಕೋಟಿನ ಅಂಚು ದಾಟುವಂತೆ ಎಳೆಯಬೇಕು.

ಬೋರ್ಡಿನ ಅಡ್ಡ ತುದಿಗಳು ಸೇರುವ ಕಡೆ ಈ ಇಳಿಜಾರು ಇರುವುದಿಲ್ಲ. ಅಲ್ಲಿ ಟೇಪ್ ಮಟ್ಟದ ಮೇಲೆಯೇ ಕೂರುತ್ತದೆ, ಸಣ್ಣ ದಿಬ್ಬ ಏಳುತ್ತದೆ. ಅದನ್ನು ಮರೆಸುವ ದಾರಿ ಒಂದೇ: ಕಾಂಪೌಂಡನ್ನು ಎರಡೂ ಬದಿಗೆ ಒಂದೊಂದು ಅಡಿಯವರೆಗೆ ತೆಳುವಾಗಿ ಹರಡುವುದು. 12 ಇಂಚಿನ ಬ್ಲೇಡಿನ ಬೆಲೆ ಏನೆಂದು ಅರಿವಾಗುವುದು ಅಲ್ಲೇ.

ಇನ್ನು ಲೋಹ. ಕಾರ್ಬನ್ ಉಕ್ಕಿನ ಅಲಗು ಚೆನ್ನಾಗಿ ಬಳುಕುತ್ತದೆ, ಬಳುಕಿ ಮತ್ತೆ ನೆಟ್ಟಗಾಗುತ್ತದೆ. ನೀರು ಉಳಿದರೆ ಮಾತ್ರ ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲಿಗೆ ಆ ಕಾಟ ಕಡಿಮೆ. ದಿನವೂ ಕೆಲಸ ಮಾಡುವವರು ಒರೆಸಿಡುವ ಅಭ್ಯಾಸ ಇಟ್ಟುಕೊಂಡಿರುತ್ತಾರೆ, ಅವರಿಗೆ ಕಾರ್ಬನ್ ಉಕ್ಕು ಸರಿ. ನೀವು ಒಂದು ಕೋಣೆ ಮುಗಿಸಿ ಬ್ಲೇಡನ್ನು ತಿಂಗಳುಗಟ್ಟಲೆ ಇಟ್ಟುಬಿಡುವವರು. ನಿಮಗೆ ಸ್ಟೇನ್‌ಲೆಸ್ ಇರಲಿ.

ಆದರೆ ಲೋಹಕ್ಕಿಂತಲೂ ಮುಖ್ಯವಾದದ್ದು ಅಂಚಿನ ನೇರ. ಅಂಚು ಹೇಗಿದೆಯೋ ಗೋಡೆಯೂ ಹಾಗೆಯೇ ಆಗುತ್ತದೆ. ಒಂದೇ ತಯಾರಕರ, ಒಂದೇ ಪೆಟ್ಟಿಗೆಯಿಂದ ತೆಗೆದ ಎರಡು ಬ್ಲೇಡುಗಳಲ್ಲೂ ವ್ಯತ್ಯಾಸ ಇರಬಹುದು. ಆದ್ದರಿಂದ ಹೆಸರು ನೋಡಿ ಕೊಳ್ಳಬೇಡಿ, ಒಂದೊಂದನ್ನೂ ಕೈಗೆತ್ತಿಕೊಂಡು ನೋಡಿ. ಎರಡು ಬ್ಲೇಡುಗಳ ಅಂಚಿಗೆ ಅಂಚು ತಾಗಿಸಿ ಬೆಳಕಿನ ಕಡೆ ಹಿಡಿಯಿರಿ. ಅಲ್ಲೊಂದು ಇಲ್ಲೊಂದು ಕಡೆ ಬೆಳಕು ಇಣುಕಿದರೆ ಎರಡರಲ್ಲಿ ಒಂದು ಅಂಕುಡೊಂಕು. ಮೂರನೆಯ ಬ್ಲೇಡಿಗೆ ತಾಗಿಸಿದರೆ ಯಾವುದೆಂದು ಗೊತ್ತಾಗುತ್ತದೆ. ಆಮೇಲೆ ಅಂಚನ್ನು ಮಟ್ಟಸವಾದ ಮೇಜಿಗೆ ಒತ್ತಿ ಬಾಗಿಸಿ. ಅಲಗು ಇಡೀ ಅಗಲಕ್ಕೂ ಒಂದೇ ಸಮನಾಗಿ ಬಾಗಬೇಕು, ಕೈ ಬಿಟ್ಟೊಡನೆ ಮೊದಲಿನಂತಾಗಬೇಕು. ಒಂದು ಮೂಲೆ ಬೇಗ ಮಣಿದು ಇನ್ನೊಂದು ಸೆಟೆದು ನಿಂತರೆ ಆ ಬ್ಲೇಡ್ ಬೇಡ. ಬಾಗಿದ್ದು ಬಾಗಿದಂತೆಯೇ ಉಳಿದರೆ ಅದೂ ಬೇಡ.

ಕೊನೆಗೆ ಒಂದು ಕಣ್ಣು ಮುಚ್ಚಿ, ಅಂಚನ್ನು ಕಣ್ಣಿನ ನೇರಕ್ಕೆ ಹಿಡಿದು ಉದ್ದಕ್ಕೂ ನೋಡಿ. ಅಗಲದ ಬ್ಲೇಡುಗಳಲ್ಲಿ ಒಂದು ಬದಿಗೆ ಕೂದಲೆಳೆಯಷ್ಟು ಉಬ್ಬು ಇರುವುದುಂಟು. ಅದು ದೋಷವಲ್ಲ, ಆದರೆ ಯಾವ ಬದಿ ಎಂಬುದು ನಿಮಗೆ ಗೊತ್ತಿರಬೇಕು. ಒಳಬಾಗಿದ ಬದಿ ಗೋಡೆಗೆ ಬಂದರೆ ಅಂಚುಗಳು ತೆಳುವಾಗಿ ನಡುವೆ ತುಸು ಹೆಚ್ಚು ಕಾಂಪೌಂಡ್ ಉಳಿಯುತ್ತದೆ, ಟೇಪ್ ಚೆನ್ನಾಗಿ ಮುಚ್ಚುತ್ತದೆ. ಉಬ್ಬಿದ ಬದಿ ಬಂದರೆ ನಡುವೆಯೇ ಕೆರೆದು ಟೇಪನ್ನು ಬಯಲು ಮಾಡುತ್ತದೆ. ನನ್ನ 12 ಇಂಚಿನ ಬ್ಲೇಡಿನ ಹಿಡಿಯ ಮೇಲೆ ಒಂದು ಬದಿಗೆ ಬಣ್ಣದ ಚುಕ್ಕೆ ಇಟ್ಟಿದ್ದೇನೆ. ಚುಕ್ಕೆ ಯಾವಾಗಲೂ ನನ್ನ ಮುಖದ ಕಡೆಗೇ ಇರುತ್ತದೆ.

ಹಿಡಿ ಮರದ್ದೋ ಪ್ಲಾಸ್ಟಿಕ್ಕಿನದೋ ಎಂಬುದು ನಿಮ್ಮ ಕೈಗೆ ಬಿಟ್ಟದ್ದು. ಅಲಗು ಹಿಡಿಯೊಳಗೆ ಅಲುಗಾಡಬಾರದು, ಅಷ್ಟೇ. 6 ಇಂಚಿನದರ ಹಿಡಿಯ ತುದಿಗೆ ಲೋಹದ ಬಿಲ್ಲೆ ಇದ್ದರೆ ಅನುಕೂಲ, ಎದ್ದುನಿಂತ ಮೊಳೆಯನ್ನು ಅಲ್ಲೇ ಕುಟ್ಟಿಬಿಡಬಹುದು.

ಪ್ರಶ್ನೆ: ನನ್ನದು ಹೊಸ ಬ್ಲೇಡ್, ಅಗ್ಗದ್ದೂ ಅಲ್ಲ. ಆದರೂ ಎಳೆದ ಕಡೆಯೆಲ್ಲ ಎರಡು ಬದಿಗೂ ಎದ್ದ ಗೆರೆ, ನಡುವೆ ಗೀರು. ಉಜ್ಜಿ ಉಜ್ಜಿ ಸಾಕಾಗಿದೆ. ಬ್ಲೇಡ್ ಬದಲಾಯಿಸಬೇಕೇ?

ಬದಲಾಯಿಸುವ ಮೊದಲು ಬ್ಲೇಡಿನ ಎರಡು ಮೂಲೆಗಳ ಮೇಲೆ ಬೆರಳಾಡಿಸಿ. ಹೊಸ ಬ್ಲೇಡಿನ ಮೂಲೆ ಬಹಳ ಚೂಪು. ಗೋಡೆಯಲ್ಲಿ ಅದು ಗೆರೆ ಕೊರೆಯುತ್ತ ಹೋಗುತ್ತದೆ. 220 ನಂಬರಿನ ಎಮರಿ ಕಾಗದದಿಂದ ಮೂಲೆಗಳನ್ನು ನಾಲ್ಕಾರು ಸಲ ಉಜ್ಜಿ, ಚೂಪು ಮುರಿದರೆ ಸಾಕು. ಮೂಲೆಯನ್ನು ಗುಂಡಗೆ ಮಾಡಲು ಹೋಗಬೇಡಿ. ಅದೇ ಕಾಗದವನ್ನು ಅಂಚಿನ ಉದ್ದಕ್ಕೂ ಒಮ್ಮೆ ಹಗುರವಾಗಿ ಆಡಿಸಿದರೆ ಕಣ್ಣಿಗೆ ಕಾಣದ ಮುಳ್ಳುಗಳೂ ಹೋಗುತ್ತವೆ.

ನಡುವಿನ ಗೀರಿಗೆ ಬ್ಲೇಡಿನ ತಪ್ಪು ಇರುವುದು ಕಡಿಮೆ. ಕಾಂಪೌಂಡಿನ ತಟ್ಟೆಯ ಅಂಚಿನಲ್ಲಿ ಒಣಗಿದ ಚೂರು ಒಳಗೆ ಬಿದ್ದಿರುತ್ತದೆ. ಸಾಸಿವೆ ಕಾಳಿನಷ್ಟು ಚೂರು ಅಲಗಿಗೆ ಸಿಕ್ಕಿಕೊಂಡರೂ ಮಾರುದ್ದದ ಗೀರು ಎಳೆಯುತ್ತದೆ. ತಟ್ಟೆಯ ಬದಿಗಳನ್ನು ಆಗಾಗ ಕೆರೆದು ಆ ಚೂರುಗಳನ್ನು ಹೊರಗೆ ಎಸೆಯಿರಿ. ಡಬ್ಬಕ್ಕೆ ಮರಳಿ ಹಾಕಲೇಬಾರದು.

ಆಮೇಲೆ ನಿಮ್ಮ ಕೈ. ಕಾಂಪೌಂಡ್ ಹಚ್ಚಿದ ಮೇಲೆ ಅಲಗನ್ನು ಗೋಡೆಗೆ ತಗ್ಗಾಗಿ ವಾಲಿಸಿ, ಮೊದಲು ಎಡ ಅಂಚಿನ ಮೇಲೆ ಭಾರ ಹಾಕಿ ಒಂದು ಎಳೆತ, ಮತ್ತೆ ಬಲ ಅಂಚಿನ ಮೇಲೆ ಭಾರ ಹಾಕಿ ಇನ್ನೊಂದು. ಕೊನೆಗೆ ನಡುವೆ, ಬ್ಲೇಡಿನ ತೂಕವಷ್ಟೇ ಬೀಳುವಂತೆ, ಈ ತುದಿಯಿಂದ ಆ ತುದಿಯವರೆಗೆ ನಿಲ್ಲಿಸದೆ ಒಂದು ಎಳೆತ. ಅಲ್ಲಿಗೆ ಬಿಟ್ಟುಬಿಡಿ. ಇನ್ನೊಮ್ಮೆ ಸರಿಮಾಡೋಣ ಎಂದು ಕೈಹಾಕಿದರೆ ಬಿಗಿಯಲು ಶುರುವಾದ ಕಾಂಪೌಂಡ್ ಹರಿದುಬರುತ್ತದೆ. ಉಳಿದ ಸಣ್ಣ ಗೆರೆ ಒಣಗಿದ ಮೇಲೆ 6 ಇಂಚಿನ ಬ್ಲೇಡಿನಿಂದ ಕೆರೆದರೆ ಉದುರುತ್ತದೆ, ಉಳಿದದ್ದನ್ನು ಮುಂದಿನ ಕೋಟು ಮುಚ್ಚುತ್ತದೆ.

ಕೆಲಸ ಹೇಗಾಗಿದೆ ಎಂದು ನೋಡಲು ದೀಪವನ್ನು ಗೋಡೆಗೆ ಒತ್ತಿ, ಬದಿಯಿಂದ ಬೆಳಕು ಬೀಳುವಂತೆ ಹಿಡಿಯಿರಿ. ಎದುರಿನ ಬೆಳಕಿನಲ್ಲಿ ನುಣುಪಾಗಿ ಕಂಡ ಗೋಡೆ ಬಣ್ಣ ಬಳಿದ ಮೇಲೆ ಸಂಜೆಯ ಓರೆ ಬಿಸಿಲಿನಲ್ಲಿ ಎಲ್ಲ ಸಂದುಗಳನ್ನೂ ತೋರಿಸಿಬಿಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಆಗ ನೋವಾಗುತ್ತದೆ.

ಪ್ರಶ್ನೆ: ಅಂಚಿಗೆ ತುಕ್ಕು ಬಂದ ಬ್ಲೇಡನ್ನು ಬಳಸಬಹುದೇ?

ಮೇಲುಮೇಲಿನ ತುಕ್ಕಾದರೆ ಎಮರಿ ಕಾಗದದಿಂದ ಉಜ್ಜಿ ತೆಗೆದು ಬಳಸಿ. ಅಂಚಿನಲ್ಲಿ ಗುಳಿ ಬಿದ್ದಿದ್ದರೆ ಆ ಬ್ಲೇಡ್ ಇನ್ನು ಕೆರೆಯುವುದಕ್ಕೆ, ಡಬ್ಬದ ಮುಚ್ಚಳ ಮೀಟುವುದಕ್ಕೆ. ಫಿನಿಶಿಂಗ್ ಬ್ಲೇಡನ್ನಂತೂ ಇಂಥ ಕೆಲಸಕ್ಕೆ ಒಮ್ಮೆಯೂ ಹಾಕಬೇಡಿ. ಕೆಲಸ ಮುಗಿದ ಕೂಡಲೇ ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ಕಾರ್ಬನ್ ಉಕ್ಕಿನದಾದರೆ ಒಂದು ಹನಿ ಎಣ್ಣೆ ಸವರಿ, ಅಂಚು ಯಾವುದಕ್ಕೂ ತಾಗದಂತೆ ತೂಗುಹಾಕಿ.

ಪ್ರಶ್ನೆ: ಎರಡು ಗೋಡೆ ಕೂಡುವ ಒಳಮೂಲೆಗೆ ಎರಡೂ ಬದಿಗೆ ಒಟ್ಟಿಗೆ ಎಳೆಯುವ, ಮಡಚಿದಂತಿರುವ ಬ್ಲೇಡ್ ಸಿಗುತ್ತದೆ. ಕೊಳ್ಳಬಹುದೇ?

ನಾನು ಬಳಸುವುದಿಲ್ಲ. ಗೋಡೆಗಳು ಲೆಕ್ಕ ಹಾಕಿದಂತೆ 90 ಡಿಗ್ರಿಗೆ ಕೂಡುವುದು ಅಪರೂಪ, ಆ ಬ್ಲೇಡಿನ ಕೋನ ಮಾತ್ರ ಹೆಚ್ಚುಕಡಿಮೆ ಬದಲಾಗದು. 4 ಅಥವಾ 5 ಇಂಚಿನ ಸಾಧಾರಣ ಬ್ಲೇಡಿನಲ್ಲಿ ಇಂದು ಒಂದು ಬದಿ ಮುಗಿಸಿ, ಅದು ಪೂರ್ತಿ ಒಣಗಿದ ಮೇಲೆ ನಾಳೆ ಇನ್ನೊಂದು ಬದಿ ಎಳೆಯಿರಿ. ಒಣಗಿ ಗಟ್ಟಿಯಾದ ಬದಿಯೇ ಬ್ಲೇಡಿನ ಮೂಲೆಗೆ ಆಸರೆ ಕೊಡುತ್ತದೆ, ಮೂಲೆಯ ಗೆರೆ ನೇರವಾಗಿ ಬರುತ್ತದೆ.